ದಣಿವನ್ನು ಎಲ್ಲಿ ಅಳೆಯಬೇಕು: ಸಾಗರ, ಹೊಸನಗರ, ತೀರ್ಥಹಳ್ಳಿಯ ಆಶಾ ಕಾರ್ಯಕರ್ತೆಯರು ಮತ್ತು ಬರ್ನ್‌ಔಟ್

ಆಶಾ ಕಾರ್ಯಕರ್ತೆಯರ ದಣಿವಿನ ಮಾತು ಬಂದಾಗಲೆಲ್ಲ ಚರ್ಚೆ ಗೌರವಧನದ ಕಡೆ ಹೊರಳುತ್ತದೆ. ಹೊರಳಬೇಕಾದದ್ದೇ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕುಳಿತ ಸಾವಿರಾರು ಹೆಣ್ಣುಮಕ್ಕಳು ಕೇಳಿದ್ದು ಅದನ್ನೇ. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆಂಬ ಭರವಸೆಯ ಮೇಲೆ ಅವರು ಊರಿಗೆ ಮರಳಿದರು. ಆದರೆ ಹಣ ಹೆಚ್ಚಿದರೆ ದಣಿವು ಎಷ್ಟು ಇಳಿಯುತ್ತದೆ, ಯಾರಲ್ಲಿ ಇಳಿಯುತ್ತದೆ, ಯಾರಲ್ಲಿ ಇಳಿಯುವುದಿಲ್ಲ ಎಂದು ಹೇಳಬೇಕಾದರೆ ಮೊದಲು ಆ ದಣಿವನ್ನು ಗುರುತಿಸಲು, ಅಳೆಯಲು ಗೊತ್ತಿರಬೇಕು. ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು, ಜಗತ್ತಿನಲ್ಲಿ ಚಾಲ್ತಿಯಲ್ಲಿರುವ ಬರ್ನ್‌ಔಟ್ ಮಾಪಕಗಳು ಇಲ್ಲಿ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತವೆ ಎಂದು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ವಾದ ಇಷ್ಟು: ಇಲ್ಲಿ ಮೊದಲು ಅಳೆಯಬೇಕಾದದ್ದು ಕೆಲಸದ ಕ್ಯಾಲೆಂಡರನ್ನು, ಆಮೇಲೆ ಕೆಲಸ ಮಾಡುವವಳನ್ನು. ಈ ಕ್ರಮ ತಪ್ಪಿದರೆ ತೀರಾ ಸೋತವಳು ಕೂಡ ಕಾಗದದ ಮೇಲೆ ಚೆನ್ನಾಗಿಯೇ ಇದ್ದಾಳೆ ಎಂದು ಬರುತ್ತದೆ.

ಬರ್ನ್‌ಔಟ್ ಎಂಬ ಈ ಸ್ಥಿತಿಯನ್ನು ವೃತ್ತಿಜೀವನಕ್ಕೆ ಸಂಬಂಧಿಸಿದ್ದೆಂದು ಗುರುತಿಸಿ ಬರೆದ ಆರಂಭದ ಲೇಖನಗಳಲ್ಲಿ ಮುಖ್ಯವಾದದ್ದು ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಪ್ರಕಟಿಸಿದ್ದು. ಅವರು ಗಮನಿಸಿದ್ದು ದೊಡ್ಡ ಕಂಪನಿಯ ಅಧಿಕಾರಿಗಳನ್ನಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಹಗಲಿನ ಕೆಲಸ ಮುಗಿಸಿ ಬಂದು ರಾತ್ರಿಯವರೆಗೆ ದುಡಿಯುತ್ತಿದ್ದ ಸ್ವಯಂಸೇವಕರನ್ನು. ಸೇವೆ ಎಂಬ ನಂಬಿಕೆಯಿಂದ ಬಂದವರೇ ಬೇಗ ಬಸವಳಿಯುತ್ತಾರೆ ಎಂಬುದು ಅವರ ಮುಖ್ಯ ಅವಲೋಕನ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಹುಟ್ಟಿದ ಆಶಾ ಕೂಡ ಸರ್ಕಾರದ ಕಡತದಲ್ಲಿ ಇಂದಿಗೂ ಸ್ವಯಂಸೇವಕಿಯೇ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಐಸಿಡಿ-11 ಪಟ್ಟಿಯಲ್ಲಿ ಬರ್ನ್‌ಔಟನ್ನು ರೋಗವೆಂದು ಸೇರಿಸಿಲ್ಲ. ಕೆಲಸದ ಸ್ಥಳದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಉಂಟಾಗುವ, ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ ಸ್ಥಿತಿ ಎಂದು ಹೇಳಿದೆ. ಈ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಉದ್ಯೋಗಿ ಎಂದೇ ಒಪ್ಪಿಕೊಳ್ಳದವಳ ಕೆಲಸದ ಸ್ಥಳ ಯಾವುದು, ಅಲ್ಲಿನ ಒತ್ತಡವನ್ನು ನಿಭಾಯಿಸುವ ಹೊಣೆ ಯಾರದು ಎಂಬ ಪ್ರಶ್ನೆ ಮಾಪಕ ಕೈಗೆತ್ತಿಕೊಳ್ಳುವ ಮೊದಲೇ ಎದುರಾಗುತ್ತದೆ. ಇದನ್ನು ಕಾನೂನಿನವರಿಗೆ ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಏಕೆಂದರೆ ಅಳತೆಯ ಬಹುಪಾಲು ಪ್ರಶ್ನೆಗಳು 'ನಿಮ್ಮ ಕೆಲಸ'ವನ್ನೇ ಕುರಿತಿರುತ್ತವೆ.

ಈ ಮೂರು ತಾಲ್ಲೂಕುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ. ಮರಿ ಉಣುಗುಗಳ ಕಾಟ ನವೆಂಬರ್ ಹೊತ್ತಿಗೆ ಶುರುವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಜೋರಾಗಿರುತ್ತದೆ, ಮಳೆ ಬಿದ್ದ ಮೇಲೆ ಇಳಿಯುತ್ತದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡು 2019ರ ಬೇಸಿಗೆಯವರೆಗೆ ಸಾಲು ಸಾಲು ಸಾವು ತಂದ ನೆನಪು ಇನ್ನೂ ಹಸಿಯಾಗಿದೆ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬಳು ಇದೇ ಕಾಯಿಲೆಗೆ ಬಲಿಯಾದಳು. ಹೀಗಾಗಿ ರಾಜ್ಯದ ಇತರ ಕಡೆ ಆಶಾ ಮಾಡುವ ಕೆಲಸದ ಮೇಲೆ ಇಲ್ಲಿ ವರ್ಷಕ್ಕೆ ಐದಾರು ತಿಂಗಳು ಇನ್ನೊಂದು ಕೆಲಸ ಬಂದು ಕೂರುತ್ತದೆ.

ಜನವರಿಯ ಒಂದು ದಿನ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಮಲೆನಾಡಿನಲ್ಲಿ ಮನೆಗಳು ಸಾಲುಗೇರಿಯಲ್ಲಿ ಇರುವುದಿಲ್ಲ, ತೋಟಕ್ಕೊಂದು, ದಿಂಬಕ್ಕೊಂದು. ಒಂದು ಮನೆಯಿಂದ ಮತ್ತೊಂದಕ್ಕೆ ಕಾಲುದಾರಿ, ನಡುವೆ ಸೊಪ್ಪಿನ ಬೆಟ್ಟ. ಅದೇ ಬೆಟ್ಟದಲ್ಲಿ ಜನ ದರಗು ಗುಡಿಸುತ್ತಾರೆ, ದನ ಮೇಯುತ್ತವೆ, ಉಣುಗು ಹತ್ತುವುದೂ ಅಲ್ಲೇ. ಆಶಾ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆಯ ಬಾಟಲಿಗಳನ್ನು ಚೀಲದಲ್ಲಿ ಹೊತ್ತು ಹೊರಡಬೇಕು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಎಂದು ಮನೆಮನೆಯಲ್ಲೂ ಹೇಳಬೇಕು. ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಜ್ವರವಿದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಬಂದು ರಕ್ತದ ಮಾದರಿ ಕೊಡುವಂತೆ ಒಪ್ಪಿಸಬೇಕು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಒಂದು ದಿನದ ಕೂಲಿ ಬಿಟ್ಟು ಬರಲು ಒಪ್ಪಿಸುವುದು ಸುಲಭದ ಮಾತಲ್ಲ. ಎಲ್ಲಾದರೂ ಮಂಗವೋ ಮುಸಿಯವೋ ಸತ್ತು ಬಿದ್ದ ಸುದ್ದಿ ಬಂದರೆ ಕೂಡಲೇ ಮೇಲಿನವರಿಗೆ ತಿಳಿಸಬೇಕು, ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಎರಚುವ ತನಕ ಜನ ಆ ಕಡೆ ಹೋಗದಂತೆ ನೋಡಿಕೊಳ್ಳಬೇಕು. ಇದರ ನಡುವೆ ಬಾಣಂತಿಯ ಮನೆ ಭೇಟಿ, ಚುಚ್ಚುಮದ್ದಿನ ದಿನ, ಪೋಲಿಯೊ, ಕ್ಷಯ, ಕುಷ್ಠದ ಸಮೀಕ್ಷೆಗಳು ನಿಲ್ಲುವುದಿಲ್ಲ. ಸಂಜೆ ಮನೆಗೆ ಬಂದು ಅವಳೂ ತನ್ನ ಸೀರೆಯ ನಿರಿಗೆಯಲ್ಲಿ, ಕಾಲಿನ ಸಂದಿಯಲ್ಲಿ ಉಣುಗು ಹುಡುಕಬೇಕು. ಮನೆಯಲ್ಲಿ ಮಕ್ಕಳಿದ್ದಾರೆ.

ಇಂಥವಳ ಮುಂದೆ ಮ್ಯಾಸ್ಲಾಕ್ ಮಾಪಕವನ್ನು ಇಡೋಣ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ರೂಪಿಸಿದ, ಈಗಲೂ ಅತಿ ಹೆಚ್ಚು ಬಳಕೆಯಲ್ಲಿರುವ ಮಾಪಕ ಇದು. ಸೇವಾ ವೃತ್ತಿಗಳ ಆವೃತ್ತಿಯಲ್ಲಿ 22 ಪ್ರಶ್ನೆಗಳು: ಭಾವನಾತ್ಮಕ ಬಳಲಿಕೆಗೆ 9, ಎದುರಿಗಿರುವ ಮನುಷ್ಯರಿಂದ ಮನಸ್ಸು ದೂರ ಸರಿದಿರುವುದಕ್ಕೆ 5, ಸಾಧಿಸಿದ್ದೇನೆಂಬ ಭಾವಕ್ಕೆ 8. ಪ್ರತಿಯೊಂದಕ್ಕೂ 'ಎಂದೂ ಇಲ್ಲ'ದಿಂದ 'ದಿನವೂ' ತನಕ 0ಯಿಂದ 6ರ ಅಂಕ. ಬಳಲಿಕೆ ಮತ್ತು ದೂರ ಸರಿಯುವಿಕೆ ಏರಿ, ಸಾಧನೆಯ ಭಾವ ಇಳಿದಾಗ ಬರ್ನ್‌ಔಟ್ ಪೂರ್ಣವಾಗಿದೆ ಎಂದು ಓದುತ್ತಾರೆ.

ನಮ್ಮ ತೊಡಕು ಎರಡನೆಯ ಭಾಗದಲ್ಲಿದೆ. ನಗರದ ಆಸ್ಪತ್ರೆಯ ವೈದ್ಯ ದಣಿದಾಗ ರೋಗಿಯನ್ನು ಹಾಸಿಗೆಯ ನಂಬರಿನಿಂದ ಕರೆಯತೊಡಗುತ್ತಾನೆ. ಅದು ಗುರುತಿಸಬಹುದಾದ ಲಕ್ಷಣ. ಆಶಾ ಹಾಗೆ ದೂರ ಸರಿಯುವುದು ಎಲ್ಲಿಗೆ? ಆಕೆ ಅದೇ ಊರಿನಲ್ಲಿ ವಾಸವಿರುವ, ಮದುವೆಯಾದ ಅಥವಾ ವಿಧವೆ, ವಿಚ್ಛೇದಿತೆಯಾದ ಹೆಣ್ಣುಮಗಳಾಗಿರಬೇಕು ಎಂದು ಆಯ್ಕೆಯ ನಿಯಮವೇ ಹೇಳುತ್ತದೆ. ಅಂದರೆ ಬಹುಪಾಲು ಆಕೆ ಊರಿನ ಸೊಸೆ. ಜ್ವರ ಬಂದದ್ದು ಚಿಕ್ಕತ್ತೆಯ ಮಗನಿಗೆ, ಬಾಣಂತಿ ಆಚೆಮನೆಯ ಸೊಸೆ. ರಾತ್ರಿ ಹತ್ತಕ್ಕೆ 'ಅಕ್ಕಾ, ಮಗು ಮೈ ಸುಡ್ತಾ ಇದೆ, ಎಂತ ಮಾಡೂದು' ಎಂದು ಫೋನು ಬಂದರೆ ನಾಳೆ ಪಿಎಚ್‌ಸಿಗೆ ಬನ್ನಿ ಎಂದು ಇಟ್ಟುಬಿಡಲು ಆಗುವುದಿಲ್ಲ. ಮಾರನೇ ದಿನ ಹಾಲಿನ ಡೈರಿಯಲ್ಲಿ ಅದೇ ಮುಖ ನೋಡಬೇಕು. ಹೀಗಾಗಿ ದೂರ ಸರಿಯುವಿಕೆಯ ಐದು ಪ್ರಶ್ನೆಗಳಿಗೆ ಕಡಿಮೆ ಅಂಕ ಬರುವ ಸಾಧ್ಯತೆ ಹೆಚ್ಚು. ಸಾಧನೆಯ ಭಾವದಲ್ಲಿ ಹೆಚ್ಚು ಅಂಕವೂ ಬರಬಹುದು: ತಾನು ಆಸ್ಪತ್ರೆಗೆ ಸೇರಿಸಿದ ಹುಡುಗ ಬದುಕಿ ಶಾಲೆಗೆ ಹೋಗುವುದನ್ನು ಆಕೆ ದಿನವೂ ನೋಡುತ್ತಾಳೆ. ಮೂರರಲ್ಲಿ ಎರಡು ಭಾಗಗಳು 'ತೊಂದರೆ ಇಲ್ಲ' ಎಂದರೆ ವರದಿ ಬರೆಯುವವರು ಬಳಲಿಕೆಯ ಅಂಕವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಇಂಥ ಫಲಿತಾಂಶವನ್ನು ಹೇಗೆ ಓದಬೇಕೆಂಬುದಕ್ಕೆ ದಾರಿ ತೋರಿದವರೂ ಮ್ಯಾಸ್ಲಾಕರೇ. ಮೈಕೆಲ್ ಲೈಟರ್ ಜೊತೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಮೂರೂ ಅಂಕಗಳನ್ನು ಒಟ್ಟಿಗಿಟ್ಟು ಐದು ಮಾದರಿಗಳನ್ನು ಬೇರ್ಪಡಿಸಿದರು. ಒಂದು ತುದಿಯಲ್ಲಿ ಪೂರ್ಣ ಬರ್ನ್‌ಔಟ್, ಇನ್ನೊಂದರಲ್ಲಿ ಕೆಲಸದಲ್ಲಿ ಪೂರ್ಣ ತೊಡಗಿಕೊಂಡವರು. ನಡುವಿನ ಮೂರರಲ್ಲಿ ಒಂದು, ಬಳಲಿಕೆ ಮಾತ್ರ ಹೆಚ್ಚಿದ್ದು ಕೆಲಸದ ಮೇಲಿನ ಪ್ರೀತಿ ಕಳೆದುಕೊಳ್ಳದ ಗುಂಪು, ಶಕ್ತಿ ಮೀರಿ ಹೊತ್ತವರು. ಮಲೆನಾಡಿನ ಆಶಾ ಕಾರ್ಯಕರ್ತೆಯರನ್ನು ಅಳೆದರೆ ಬಹಳಷ್ಟು ಮಂದಿ ಈ ಗುಂಪಿನಲ್ಲಿ ಸಿಗುತ್ತಾರೆಂಬುದು ನನ್ನ ಊಹೆ, ಪರೀಕ್ಷಿಸಬೇಕಾದ ಊಹೆ. ಇದು ಬರಿಯ ವರ್ಗೀಕರಣದ ಮಾತಲ್ಲ. ಕೆಲಸದಲ್ಲಿ ನಂಬಿಕೆ ಕಳೆದುಕೊಂಡವರಿಗೆ ಪ್ರೇರಣೆಯ ತರಬೇತಿ, ಸನ್ಮಾನ, ಪ್ರಶಸ್ತಿ ಒಂದಿಷ್ಟು ನೆರವಾದೀತು. ಶಕ್ತಿ ಮೀರಿ ಹೊತ್ತವರಿಗೆ ಅವುಗಳಿಂದ ಏನೂ ಆಗುವುದಿಲ್ಲ, ಹೊರೆ ಇಳಿಸಬೇಕು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಎಲ್ಲ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು. ಹೆಮ್ಮೆಯ ಸಂಗತಿ. ಆ ಹೆಮ್ಮೆ ನಿಜವಾದದ್ದು, ಆದರೆ ಅದರಿಂದ ಜನವರಿಯ ಬೆಟ್ಟದ ದಾರಿ ಒಂದು ಮೈಲಿಯೂ ಕಡಿಮೆಯಾಗುವುದಿಲ್ಲ.

ಇಷ್ಟು ಅಂಕಕ್ಕಿಂತ ಹೆಚ್ಚಿದ್ದರೆ ಬರ್ನ್‌ಔಟ್ ಎಂದು ಗೆರೆ ಎಳೆಯುವ ಅಭ್ಯಾಸವನ್ನೂ ಬಿಡಬೇಕು. 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಸಮೀಕ್ಷಾ ಲೇಖನ ವೈದ್ಯರ ಬರ್ನ್‌ಔಟ್ ಕುರಿತ 182 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರ್ನ್‌ಔಟ್ ಪ್ರಮಾಣ ಸೊನ್ನೆಯಿಂದ ಶೇ. 80.5ರವರೆಗೆ ಇತ್ತು. ಒಟ್ಟಾರೆ ಬರ್ನ್‌ಔಟನ್ನು ಅಥವಾ ಅದರ ಭಾಗಗಳನ್ನು ಕನಿಷ್ಠ 142 ಬಗೆಯಲ್ಲಿ ವ್ಯಾಖ್ಯಾನಿಸಿದ್ದರು. ಗೆರೆಯನ್ನು ಮೇಲೆ ಕೆಳಗೆ ಸರಿಸಿದರೆ ಬೇಕಾದ ಶೇಕಡಾ ಸಿಗುತ್ತದೆಂದ ಮೇಲೆ, ತಾಲ್ಲೂಕಿನ ಆಶಾಗಳಲ್ಲಿ ಇಷ್ಟು ಮಂದಿಗೆ ಬರ್ನ್‌ಔಟ್ ಎಂಬ ಸುದ್ದಿಗೆ ಬೆಲೆ ಇಲ್ಲ. ಒಬ್ಬಳದೇ ಅಂಕ ಕಾಲದಿಂದ ಕಾಲಕ್ಕೆ ಹೇಗೆ ಏರಿತು, ಇಳಿಯಿತು ಎಂಬುದಕ್ಕೆ ಬೆಲೆ ಇದೆ.

ಇಲ್ಲಿಗೆ ಹೆಚ್ಚು ಹೊಂದುವ ಮಾಪಕ ಕೋಪನ್‌ಹೇಗನ್‌ನದು ಎಂದು ನನಗೆ ಅನ್ನಿಸುತ್ತದೆ. ಡೆನ್ಮಾರ್ಕಿನಲ್ಲಿ ಸೇವಾ ವೃತ್ತಿಯವರ ನಡುವೆ ನಡೆದ ದೀರ್ಘ ಅಧ್ಯಯನದಿಂದ ಹುಟ್ಟಿ 2005ರಲ್ಲಿ ಪ್ರಕಟವಾದ ಇದಕ್ಕೆ ಹಣ ತೆರಬೇಕಿಲ್ಲ. ದೂರ ಸರಿಯುವುದು ದಣಿವನ್ನು ತಾಳಿಕೊಳ್ಳುವ ಒಂದು ಉಪಾಯ, ಅದನ್ನೇ ದಣಿವೆಂದು ಎಣಿಸಬಾರದು ಎಂಬುದು ಟೇಜ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರ ವಾದ. ಆದ್ದರಿಂದ 19 ಪ್ರಶ್ನೆಗಳೂ ದಣಿವನ್ನೇ ಕೇಳುತ್ತವೆ: 6 ಒಟ್ಟಾರೆ ದಣಿವಿಗೆ, 7 ಕೆಲಸದಿಂದ ಬಂದ ದಣಿವಿಗೆ, 6 ಜನರೊಡನೆ ವ್ಯವಹರಿಸುವುದರಿಂದ ಬಂದ ದಣಿವಿಗೆ. ಪ್ರತಿ ಭಾಗಕ್ಕೂ 0ಯಿಂದ 100ರ ಸರಾಸರಿ. ತನ್ನ ದಣಿವಿಗೆ ಏನು ಕಾರಣವೆಂದು ಆಕೆಯೇ ಹೇಳುತ್ತಾಳೆ ಎಂಬುದು ಇದರ ಗಟ್ಟಿತನ. ಮಾಡಿದ ಕೆಲಸ ನಮೂದಿಸುವ ಪೋರ್ಟಲ್, ರಿಪೋರ್ಟು, ಮೀಟಿಂಗುಗಳು ಒಂದು ಕಡೆ, ಊರಿನ ಮನೆಗಳು ಇನ್ನೊಂದು ಕಡೆ ಎಂದು ಬೇರ್ಪಡಿಸಿ ನೋಡಲು ಇದರಲ್ಲಿ ಸಾಧ್ಯ. ಜನರೊಡನೆಯ ಅಂಕ ಕಡಿಮೆ, ಕೆಲಸದ ಅಂಕ ಹೆಚ್ಚು ಎಂದು ಬಂದರೆ ಸೋಲಿಸುತ್ತಿರುವುದು ರೋಗಿಗಳಲ್ಲ, ವ್ಯವಸ್ಥೆ ಎಂದು ಗೊತ್ತಾಗುತ್ತದೆ.

ಆದರೆ ಒಟ್ಟಾರೆ ದಣಿವಿನ ಅಂಕ ಮಾತ್ರ ಏರಿದ್ದರೆ ಬರ್ನ್‌ಔಟ್ ಎಂದು ಬರೆಯುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಮಾತ್ರೆ ಹಂಚುವವಳೂ ಅವರಲ್ಲೊಬ್ಬಳಿರಬಹುದು. ಥೈರಾಯ್ಡ್ ತೊಂದರೆಯೂ ಹೀಗೆಯೇ ಸುಸ್ತಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿಗೇ ವಿಶೇಷವಾದ ಇನ್ನೊಂದು ಸಂಗತಿ: ಮಂಗನ ಕಾಯಿಲೆಯಿಂದ ಗುಣವಾದವರಿಗೂ ನಿಶ್ಶಕ್ತಿ ವಾರಗಟ್ಟಲೆ ಉಳಿಯುತ್ತದೆ. ಆ ಹಂಗಾಮಿನಲ್ಲಿ ಆಶಾಗೇ ಜ್ವರ ಬಂದು ಹೋಗಿದ್ದರೆ ಮಾಪಕ ಆ ನಿಶ್ಶಕ್ತಿಯನ್ನು ಬರ್ನ್‌ಔಟ್ ಎಂದೇ ಎಣಿಸುತ್ತದೆ. ಹಾಗಾಗಿ ಪ್ರಶ್ನಾವಳಿಯ ತಲೆಯಲ್ಲಿ 'ಈ ವರ್ಷ ಜ್ವರ ಬಂದಿತ್ತೇ, ಎಷ್ಟು ದಿನ' ಎಂಬ ಪ್ರಶ್ನೆ ಇರಲೇಬೇಕು.

ಈಗ ಕೆಲಸದ ಕಡೆಗೆ ಬರೋಣ. ಮ್ಯಾಸ್ಲಾಕ್ ಮತ್ತು ಲೈಟರ್ 1997ರಲ್ಲೇ ಬರ್ನ್‌ಔಟಿನ ಬೇರುಗಳನ್ನು ಆರು ಕಡೆ ಹುಡುಕಿದ್ದರು: ಹೊರೆ, ಹಿಡಿತ, ಪ್ರತಿಫಲ, ಜೊತೆಗಾರರ ಬೆಂಬಲ, ನ್ಯಾಯ, ಮೌಲ್ಯ. ಹೊರೆಯ ಚಿತ್ರ ಮೇಲೆ ಬಂದಿದೆ. ಅದಕ್ಕೆ 2020 ಇನ್ನೊಂದು ಪದರ ಸೇರಿಸಿತು. ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೋವಿಡ್ ಸಂಬಂಧ 1.59 ಕೋಟಿ ಮನೆಗಳ ಸಮೀಕ್ಷೆ ಮಾಡಿದರು. ಇಲ್ಲಿ ಕೋವಿಡ್ ಬಂದಿಳಿದ ಮಾರ್ಚ್ ತಿಂಗಳು ಮಂಗನ ಕಾಯಿಲೆಯ ಹಂಗಾಮು ಕೂಡ ಆಗಿತ್ತು.

ಪ್ರತಿಫಲಕ್ಕೆ ಒಂದು ಉದಾಹರಣೆ ಸಾಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಮಗುವಿನ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ಬಗೆ ನೋಡಿ ಫಾರಂ ತುಂಬಬೇಕು. ಆರೂ ಭೇಟಿಗೆ ಸೇರಿಸಿ ರಾಷ್ಟ್ರೀಯ ಕಾರ್ಯಕ್ರಮ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಒಂಟಿ ಮನೆಗೂ ಸಾಗರ ಪೇಟೆಯ ಬೀದಿಗೂ ಒಂದೇ ದರ. ಆ ಹಣವೂ ಪೋರ್ಟಲ್‌ನಲ್ಲಿ ನಮೂದಾದರೆ ಮಾತ್ರ. ಮಾಡಿದ ಕೆಲಸಕ್ಕೂ ಪೋರ್ಟಲ್ ತೋರಿಸುವ ಲೆಕ್ಕಕ್ಕೂ ತಾಳೆಯಾಗುವುದಿಲ್ಲ, ಈ ಜೋಡಣೆಯನ್ನೇ ತೆಗೆಯಿರಿ ಎಂಬುದು 2020ರ ಹೋರಾಟದಿಂದಲೂ ಆಶಾ ಸಂಘಟನೆಯ ಬೇಡಿಕೆ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಮಂಡಿಸಿದ ಸಿದ್ಧಾಂತದಂತೆ ಶ್ರಮಕ್ಕೂ ಪ್ರತಿಫಲಕ್ಕೂ ಇರುವ ಅಂತರವೇ ದೇಹವನ್ನೂ ಮನಸ್ಸನ್ನೂ ಸವೆಸುತ್ತದೆ. ಪ್ರತಿಫಲವೆಂದರೆ ಅವರ ಲೆಕ್ಕದಲ್ಲಿ ಹಣ, ಮರ್ಯಾದೆ, ಭದ್ರತೆ ಮೂರೂ. ಆಶಾಗೆ ಊರಿನಲ್ಲಿ ಮರ್ಯಾದೆ ಇದೆ. ಉಳಿದೆರಡು ಇಲ್ಲ.

ಹಿಡಿತ ಮತ್ತು ಮೌಲ್ಯದ ವಿಚಾರದಲ್ಲಿ ಲಸಿಕೆಯ ಕಥೆಯನ್ನು ಹೇಳಲೇಬೇಕು, ಬೇರೆಲ್ಲೂ ಇಷ್ಟು ಸ್ಪಷ್ಟ ನಿದರ್ಶನ ನನಗೆ ಕಂಡಿಲ್ಲ. ಮಂಗನ ಕಾಯಿಲೆಯ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳು ಬೇಕಿದ್ದವು. ನೋವು ಹೆಚ್ಚು, ಜನ ಹಿಂಜರಿಯುತ್ತಿದ್ದರು. 2005ರಿಂದ 2010ರ ಅವಧಿಯ ಮಾಹಿತಿ ಆಧರಿಸಿದ ಅಧ್ಯಯನ, ಒಂದೇ ಡೋಸ್‌ನಿಂದ ಪ್ರಯೋಜನವಿಲ್ಲ, ಎರಡರಿಂದ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ರಕ್ಷಣೆ ಎಂದು ಕಂಡುಕೊಂಡಿತ್ತು. ಹಾಗಾಗಿ ಒಮ್ಮೆ ಚುಚ್ಚಿಸಿಕೊಂಡು ತೋಳು ಹಿಡಿದುಕೊಂಡು ಹೋದವರನ್ನು ಮತ್ತೆ ಕರೆತರುವ ಕೆಲಸ ಆಶಾ ಪಾಲಿಗೆ ಬಿತ್ತು. ತನ್ನ ಮಾತಿನ ಮೇಲಿನ ನಂಬಿಕೆಯನ್ನೇ ಪಣಕ್ಕಿಟ್ಟು ಆಕೆ ಒಪ್ಪಿಸಿದಳು. 2022ರಲ್ಲಿ ಸಾಮರ್ಥ್ಯ ಸಾಲದೆಂದು ಆ ಲಸಿಕೆಯ ಬಳಕೆಯೇ ನಿಂತಿತು. ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಆದರೆ 'ಹಾಗಾದ್ರೆ ಇಷ್ಟು ವರ್ಷ ನಮಗೆ ಚುಚ್ಚಿಸಿದ್ದು ಯಾಕೆ?' ಎಂಬ ಪ್ರಶ್ನೆಗೆ ಅಂಗಳದಲ್ಲಿ ನಿಂತು ಉತ್ತರಿಸಬೇಕಾದವಳು ನಿರ್ಧಾರದಲ್ಲಿ ಯಾವ ಪಾಲೂ ಇಲ್ಲದ ಆಶಾ. ಈ ಬಗೆಯ ಸವೆತವನ್ನು ಮೇಲೆ ಹೇಳಿದ ಎರಡೂ ಮಾಪಕಗಳು ಹಿಡಿಯುವುದಿಲ್ಲ. ಕೂತು ಮಾತಾಡಿಸಿಯೇ ತಿಳಿಯಬೇಕು.

ಲಕ್ಷಣಗಳನ್ನು ಎಲ್ಲಿ ಹುಡುಕಬೇಕು? ಅವಳ ಮುಖದಲ್ಲಿ, ಮಾತಿನಲ್ಲಿ ಅವು ಕೊನೆಗೆ ಕಾಣಿಸುತ್ತವೆ. ಮೊದಲು ಕಾಣಿಸುವುದು, ಯಾರೂ ಕೇಳದ ಕೆಲಸಗಳಲ್ಲಿ. ಮೂರನೇ ದಿನದ ಭೇಟಿ ತಪ್ಪುವುದಿಲ್ಲ, ಬಾಣಂತಿಯ ಮನೆಯವರೇ ಕಾಯುತ್ತಿರುತ್ತಾರೆ, 42ನೆಯದು ತಪ್ಪುತ್ತದೆ. ಜ್ವರದ ಸಮೀಕ್ಷೆಯಲ್ಲಿ ದೂರದ ಮನೆಗಳ ಸಾಲಿಗೆ ವಾರದ ಮೇಲೆ ವಾರ ಒಂದೇ 'ಇಲ್ಲ' ಬೀಳತೊಡಗುತ್ತದೆ. ಸತ್ತ ಮಂಗದ ವರದಿ ತಡವಾಗುತ್ತದೆ. ಡೈರಿಯನ್ನು ದಿನಕ್ಕೊಂದರಂತೆ ಬರೆಯುತ್ತಿದ್ದವಳು ತಿಂಗಳ ಕೊನೆಗೆ ಕೂತು ತುಂಬುತ್ತಾಳೆ. ಇವನ್ನು ನೋಡಬೇಕಾದ ಜಾಗಗಳೆಂದು ಸೂಚಿಸುತ್ತಿದ್ದೇನೆ. ಹೀಗೆ ಕಂಡಾಗ ಸೋಮಾರಿತನವೆಂದು ನೋಟಿಸು ಕೊಡುವುದು ರೂಢಿಯಾದರೆ ಲಕ್ಷಣವನ್ನು ಮುಚ್ಚಿಡಲು ಕಲಿಸಿದಂತಾಗುತ್ತದೆ. ನೆಟ್‌ವರ್ಕ್ ಇಲ್ಲದೆ ಆದ ತಡವನ್ನೂ ದಣಿವಿನಿಂದ ಆದ ತಡವನ್ನೂ ಬೇರ್ಪಡಿಸಿ ನೋಡಬೇಕು. ಶರಾವತಿ ಹಿನ್ನೀರಿನಾಚೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ತುಮರಿ ಕಡೆಯವರಿಗೆ ಲಾಂಚಿನ ವೇಳೆಯೇ ವೇಳೆಯಾಗಿತ್ತು. ಅಲ್ಲಿನ ಹಳೆಯ ರಿಜಿಸ್ಟರ್ ಓದುವವರು ಇದನ್ನು ಮರೆಯಬಾರದು.

ಅಳೆಯುವವರು ಯಾರು ಎಂಬುದೂ ಅಳತೆಯ ಭಾಗವೇ. ಮೀಟಿಂಗ್ ದಿನ ಪಿಎಚ್‌ಸಿಯಲ್ಲಿ ಎಲ್ಲರನ್ನೂ ಕೂರಿಸಿ, ಹೆಸರು ಬರೆಸಿ, ವೈದ್ಯಾಧಿಕಾರಿಯ ಎದುರು ತುಂಬಿಸಿದ ಪ್ರಶ್ನಾವಳಿಯಲ್ಲಿ ಎಲ್ಲರೂ ಚೆನ್ನಾಗಿರುತ್ತಾರೆ. ಹೊರಗಿನವರು, ಸಾಧ್ಯವಾದರೆ ಹೆಂಗಸರು, ಮನೆಯಲ್ಲಿ ಕೇಳಬೇಕು. ಒಂದು ಪಿಎಚ್‌ಸಿಯಲ್ಲಿ ಇರುವ ಆಶಾಗಳ ಸಂಖ್ಯೆ ಚಿಕ್ಕದು. ಆ ಮಟ್ಟದಲ್ಲಿ ಅಂಕ ಪ್ರಕಟಿಸಿದರೆ ಯಾರದ್ದೆಂದು ಊರಿಗೇ ಗೊತ್ತಾಗುತ್ತದೆ, ಆದ್ದರಿಂದ ತಾಲ್ಲೂಕು ಮಟ್ಟದಲ್ಲಿ ಮಾತ್ರ ವರದಿ ಮಾಡಬೇಕು. ಕೇಳುತ್ತಾ ಹೋದಂತೆ ನಿದ್ದೆಯಿಲ್ಲದಿರುವುದು, ಕೆಲಸಕ್ಕೆ ಸಂಬಂಧವಿಲ್ಲದ ವಿಷಯಗಳಲ್ಲೂ ಆಸಕ್ತಿ ಬತ್ತಿರುವುದು, ಬದುಕೇ ಬೇಡವೆಂಬ ಮಾತು ಕಂಡರೆ ಅದು ಬರ್ನ್‌ಔಟಿನ ವ್ಯಾಪ್ತಿ ದಾಟಿ ಖಿನ್ನತೆಯ ಕಡೆ ಹೋಗಿದೆ ಎಂದರ್ಥ. ಪ್ರಶ್ನಾವಳಿಯನ್ನು ಅಲ್ಲೇ ಮಡಚಿಟ್ಟು ಮಾನಸಿಕ ಆರೋಗ್ಯ ಸೇವೆಗೆ ಜೋಡಿಸಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಾಲದ ವಿಚಾರದಲ್ಲಿ ನನ್ನ ಸಲಹೆ ಖಚಿತವಾಗಿದೆ. ಮೊದಲ ಸುತ್ತು ಅಕ್ಟೋಬರ್‌ನಲ್ಲಿ, ಉಣುಗಿನ ಹಂಗಾಮು ಶುರುವಾಗುವ ಮೊದಲು. ಎರಡನೆಯದು ಮಾರ್ಚ್‌ನಲ್ಲಿ, ಅದೇ ಹೆಣ್ಣುಮಕ್ಕಳಿಗೆ, ಅದೇ ಪ್ರಶ್ನೆಗಳು. ಪ್ರತಿಯೊಬ್ಬಳ ಪಾಲಿಗೆ ಕಾಡಂಚಿನ ಮನೆಗಳು ಎಷ್ಟಿವೆ, ಒಂದು ಸುತ್ತಿಗೆ ಎಷ್ಟು ನಡೆಯಬೇಕು ಎಂಬುದನ್ನು ಜೊತೆಗೇ ಬರೆದಿಡಬೇಕು. ಎರಡು ಸುತ್ತಿನ ನಡುವೆ ಏರಿದ ಅಂಕ ಕಾಡಂಚಿನ ಮನೆಗಳ ಸಂಖ್ಯೆಗೆ ತಕ್ಕಂತೆ ಏರಿದ್ದರೆ, ನವೆಂಬರ್‌ನಿಂದ ಮೇ ತನಕ ಅಂಥ ಹಳ್ಳಿಗಳಿಗೆ ಇನ್ನೊಬ್ಬ ಸಹಾಯಕಿಯನ್ನು ಸಂಬಳ ಕೊಟ್ಟು ನೇಮಿಸಿ ಎಂದು ಜಿಲ್ಲಾ ಪಂಚಾಯಿತಿಯ ಮುಂದೆ ಇಡಲು ಬೇಕಾದ ಆಧಾರ ಕೈಯಲ್ಲಿರುತ್ತದೆ. ಹಾಗೆ ಏರದೆ ಎಲ್ಲರಲ್ಲೂ ಒಂದೇ ಸಮನಾಗಿ ಹೆಚ್ಚಿದ್ದರೆ ಕಾರಣ ಕಾಡಿನಲ್ಲಿಲ್ಲ, ಪೋರ್ಟಲ್‌ನಲ್ಲೋ ಪಾವತಿಯಲ್ಲೋ ಇದೆ, ಹುಡುಕಾಟ ಅಲ್ಲಿಂದ ಮುಂದುವರಿಯಬೇಕು.